ಹಣೆ ಖಾಲಿ ಕಾಣುತ್ತಿತ್ತಂತೆ

ನಮ್ಮ ಹೋಟ್ಲಿಗೆ ಬೋರ್ಡೇ ಇರಲಿಲ್ಲ. ಹೆಮ್ಮಾಡಿಯಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ "ಅಕ್ಕನ ಹೋಟ್ಲಾ? ಅಲ್ ಕಾಣಿ, ಹೊಗಿ ಕಾಂತಿತ್ತಲ, ಅದೇ" ಎಂದು ಕೈ ತೋರಿಸುತ್ತಿದ್ದರು. ಅಕ್ಕ ಅಂದರೆ ನನ್ನ ಅಮ್ಮ. ಬಾಗಿಲ ಬಲಕ್ಕೆ ಒಲೆ, ಒಲೆಯ ಮೇಲೆ ದೊಡ್ಡ ಕಬ್ಬಿಣದ ಕಾವಲಿ, ಅದರ ಮುಂದೆ ಮಣೆ ಹಾಕಿಕೊಂಡು ಅಮ್ಮ. ಮಸಾಲೆ ಹಚ್ಚಿದ ಮೀನನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದಳು. ಬಂದವರು ಬಗ್ಗಿ ನೋಡಿ ಯಾವುದಕ್ಕೋ ಬೆರಳು ತೋರಿಸಿದರೆ, "ಅದ್ ಬ್ಯಾಡ, ನಿನ್ನಿದ್. ಈ ಬಂಗ್ಡಿ ತಕಣಿ" ಎಂದು ತಾನೇ ಹೇಳುವವಳು. ಹೀಗೂ ವ್ಯಾಪಾರ ಮಾಡುವವರು ಇರುತ್ತಾರೆಯೇ ಎಂದು ಕೇಳಬೇಡಿ. ಇದ್ದಳು.

ಕೊಲ್ಲೂರಿಗೆ ಹೋಗುವಾಗ ನಮ್ಮ ಕಡೆ ತಿರುಗಿಯೂ ನೋಡದವರು, ದೇವಿಯ ದರ್ಶನ ಮುಗಿಸಿ ಬರುವಾಗ ಜೀಪು ನಿಲ್ಲಿಸಿ ಮೊದಲು ಕೇಳುವುದೇ ಬಂಗುಡೆ. ವರ್ಷವರ್ಷವೂ ಅದೇ ಮುಖಗಳು. ಅಮ್ಮ ಮಣೆಯಿಂದ ಏಳದೆಯೇ "ಹ್ವಾಯ್, ಬನ್ನಿ, ಕೂಕಣಿ, ಮಗಳ್ ಬರ್ಲಿಲ್ಯಾ ಈ ಸಲ?" ಎಂದು ಕೂಗುವಳು. ನಮ್ಮ ಬೋರ್ಡು, ನಮ್ಮ ಜಾಹೀರಾತು, ಎಲ್ಲ ಅದೇ ಕೂಗು.

ಹೋಟ್ಲು ಶುರು ಮಾಡಿದ್ದು ಅಪ್ಪ. ಆಗ ಚಾ, ಗೋಳಿಬಜೆ ಬಿಟ್ಟರೆ ಬೇರೇನಿರಲಿಲ್ಲ. ತೊಂಬತ್ತೇಳರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ, ತಮ್ಮ ಇನ್ನೂ ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದ. ಸಂಬಂಧಿಕರೆಲ್ಲ ಬಂದು ಉಂಡು, ಅತ್ತು, ಬುದ್ಧಿ ಹೇಳಿ ಹೋದರು. ಮುಂದಿನ ತಿಂಗಳು ಅಮ್ಮ ಕಾವಲಿ ತೊಳೆದು ಒಲೆಯ ಮೇಲಿಟ್ಟು, ಬಾಗಿಲ ಹತ್ತಿರ ಮಣೆ ಹಾಕಿದಳು. ರಸ್ತೆಗೆ ಮುಖ ಮಾಡಿ ವಿಧವೆ ಕೂತಿದ್ದು ನಮ್ಮವರಿಗೆ ಆಗಲೂ ಸರಿ ಬರಲಿಲ್ಲ. "ಒಳ್ಗ್ ಕೂಕಂಡ್ ಅಡ್ಗಿ ಮಾಡುಕೆ ಎಂತ?" ಎಂದು ಕೇಳಿದರು. "ಒಳ್ಗ್ ಕೂಕಂಡ್ರೆ ಮೀನ್ ಯಾರ್ ಕಾಂತ್ರ್?" ಎಂದಳು ಅಮ್ಮ. ಅಲ್ಲಿಗೆ ಆ ಮಾತು ಮುಗಿಯಿತು. ಆ ಮಣೆಯಿಂದಲೇ ನನ್ನ ಮದುವೆ ಆಯಿತು, ತಮ್ಮನ ಓದು ಆಯಿತು. ನಾನು ತ್ರಾಸಿಗೆ ಮದುವೆಯಾಗಿ ಹೋದರೂ ದಿನಾ ಬೆಳಿಗ್ಗೆ ಗಂಗೊಳ್ಳಿ ಬಂದರಿನಿಂದ ಮೀನು ಕೊಂಡು ತಂದು ಸಂಜೆವರೆಗೆ ಅಮ್ಮನ ಜೊತೆ ದುಡಿಯುತ್ತಿದ್ದೆ.

ಆಮೇಲೆ ಬಂತು ನೋಡಿ ಹೈವೇ. ಎರಡು ಸಾವಿರದ ಹದಿನೈದರ ಆಸುಪಾಸು, ನಾಲ್ಕು ಪಥ ಮಾಡುತ್ತೇವೆಂದು ಮಣ್ಣು ತಂದು ಸುರಿದರು, ಸುರಿದೇ ಸುರಿದರು. ರಸ್ತೆ ಮೇಲೆ ಹೋಯಿತು, ನಮ್ಮ ಹೋಟ್ಲು ಕೆಳಗೆ ಬಿತ್ತು. ಮೇಲೆ ಹೋಗುವ ಕಾರಿನವರಿಗೆ ನಮ್ಮ ಹೆಂಚು ಕಾಣಬೇಕು, ಅಷ್ಟೇ. ಅಮ್ಮ ಕಾಣುವುದಿಲ್ಲ, ಕಾವಲಿ ಕಾಣುವುದಿಲ್ಲ, ಕೂಗಿದರೆ ಕೇಳುವುದೂ ಇಲ್ಲ. ಮಧ್ಯಾಹ್ನ ಮಸಾಲೆ ಹಚ್ಚಿದ ಮೀನು ಸಂಜೆಯವರೆಗೆ ಹಾಗೇ ಬಿದ್ದಿರತೊಡಗಿತು. ಅಮ್ಮನ ಕೈಯ ಮೀನು ಉಳಿದದ್ದನ್ನು ನಾನು ಹುಟ್ಟಿದಮೇಲೆ ಕಂಡದ್ದು ಆಗಲೇ.

ಕುಂದಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ತಮ್ಮ ಒಂದು ದಿನ ಉಡುಪಿ ಕಡೆಯ ಒಬ್ಬನನ್ನು ಕರೆತಂದ. ಬ್ರ್ಯಾಂಡಿಂಗ್ ಮಾಡುವವನಂತೆ. ಫೇಸ್‌ಬುಕ್ಕಿನಲ್ಲಿ ಹಾಕಿದರೆ ಊರೂರಿಂದ ಜನ ಹುಡುಕಿಕೊಂಡು ಬರುತ್ತಾರಂತೆ. ಒಳ್ಳೆ ಇಸ್ತ್ರಿ ಅಂಗಿ, ಕೈಯಲ್ಲಿ ಲ್ಯಾಪ್‌ಟಾಪು. ಮೂರು ಬಂಗುಡೆ ತಿಂದು ಕೈ ನೆಕ್ಕಿಕೊಂಡು ಹೇಳಿದ, "ಮೇಡಂ, ನಿಮ್ದು ಹೋಟೆಲ್ ಅಲ್ಲ, ಒಂದು ಕತೆ. ಜನ ಇವತ್ತು ಮೀನು ತಗೊಳ್ಳೋದಿಲ್ಲ, ಕತೆ ತಗೊಳ್ತಾರೆ."

"ಹಾಂಗಾರ್ ನಾಳಿಂದ ಬಾಳೆಲಿಗೆ ಕತಿ ಬಡ್ಸುವ ಬಿಡಿ. ಗಂಗೊಳ್ಳಿಗ್ ಹೋಪ್ದ್ ತಪ್ಪತ್ತ್" ಎಂದೆ.

ಅವನು ನಕ್ಕ. ತಮ್ಮ ನನ್ನನ್ನು ಕೆಕ್ಕರಿಸಿ ನೋಡಿದ. ಸುಳ್ಳು ಹೇಳಬಾರದು, ಆ ಉಡುಪಿಯವನಿಗೆ ಅವನ ಕೆಲಸ ಗೊತ್ತಿತ್ತು. 'ಅಕ್ಕನ ಕಾವಲಿ' ಎಂದು ಹೆಸರಿಟ್ಟು ಒಂದು ಪೇಜು ಮಾಡಿದ. ಕಾವಲಿಯ ಮೇಲೆ ಮೀನು ಚುಂಯ್ ಅನ್ನುವ ವಿಡಿಯೋ ಹಾಕಿದ. ಮುಂದಿನ ಭಾನುವಾರವೇ ಬ್ರಹ್ಮಾವರದಿಂದ, ಬೈಂದೂರಿನಿಂದ ಹುಡುಗರು ಬೈಕಿನಲ್ಲಿ ಬಂದರು. ಅಮ್ಮನಿಗೂ ಖುಷಿಯೇ. "ಆ ಪೆಟ್ಗಿಯಾಗೆ ಮೀನ್ ವಾಸ್ನಿ ಹೋತ್ತಾ?" ಎಂದು ತಮ್ಮನನ್ನು ಕೇಳಿದಳು.

ಸರ್ವಿಸ್ ರಸ್ತೆಯ ಬಾಯಲ್ಲಿ ಒಂದು ದೊಡ್ಡ ಫ್ಲೆಕ್ಸ್ ಹಾಕಬೇಕು, ಅದರಲ್ಲಿ ಅಮ್ಮನ ಮುಖ ಇರಬೇಕು ಎಂದು ಆ ಬ್ರ್ಯಾಂಡಿಂಗಿನವನೇ ಹೇಳಿದ್ದು. ಫೋಟೋ ತೆಗೆಯುವ ದಿನ ಜರಿ ಸೀರೆಯೊಂದನ್ನು ಕವರಿನಲ್ಲಿ ಹಾಕಿಕೊಂಡು ಬಂದಿದ್ದ. ಅಮ್ಮ ಮುಟ್ಟಲೂ ಇಲ್ಲ. "ಒಲಿ ಮುಂದೆ ಜರಿ ಸೀರಿ ಉಟ್ಕಂಡ್ ಕೂಕಂಬುಕೆ ನಂಗೆಂತ ಮರ್ಲಾ?" ಎಂದಳು. ಮಾಸಿದ ನೀಲಿ ಸೀರೆ, ಹೆಗಲ ಮೇಲೆ ಬೈರಾಸು, ಕೈಯಲ್ಲಿ ಸಟ್ಟುಗ. ಹಾಗೇ ತೆಗೆದ. ಕ್ಯಾಮರಾದ ಹಿಂದಿನ ಪರದೆಯಲ್ಲಿ ತೋರಿಸಿದ. ಅಮ್ಮ ಅಮ್ಮನ ಹಾಗೇ ಇದ್ದಳು. "ಅಡ್ಡಿಲ್ಲೆ" ಎಂದಳು ಅಮ್ಮ. ನಾನೂ ಒಪ್ಪಿದೆ.

ವಾರ ಕಳೆದು ಒಂದು ಬೆಳಿಗ್ಗೆ ಸ್ಕೂಟಿಯಲ್ಲಿ ಮೀನು ಇಟ್ಟುಕೊಂಡು ಬರುತ್ತಿದ್ದೇನೆ, ದೂರದಿಂದಲೇ ಫ್ಲೆಕ್ಸು ಕಂಡಿತು. ಒಂದು ಗಳಿಗೆ ಇದು ಯಾರಪ್ಪ ಅಂದುಕೊಂಡೆ. ಹತ್ತಿರ ಬಂದು ಸ್ಕೂಟಿ ನಿಲ್ಲಿಸಿದವಳಿಗೆ ಮೈಯೆಲ್ಲ ಉರಿದುಹೋಯಿತು. ಅಮ್ಮನ ಹಣೆಯಲ್ಲಿ ನಾಲ್ಕಾಣೆ ಅಗಲದ ಕುಂಕುಮ. ತಲೆ ತುಂಬ ಮಲ್ಲಿಗೆ. ಸಟ್ಟುಗ ಹಿಡಿದ ಕೈಗೆ ಹಸಿರು ಬಳೆ. ಕುತ್ತಿಗೆಗೆ ಸೆರಗು ಮುಚ್ಚಿತ್ತು, ಇಲ್ಲದಿದ್ದರೆ ಕರಿಮಣಿಯನ್ನೂ ಕಟ್ಟಿಬಿಡುತ್ತಿದ್ದನೋ ಏನೋ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಅದನ್ನು ನಮ್ಮ ದುಡ್ಡಿನಲ್ಲೇ ನಮಗೆ ಬರೆದು ನೇತುಹಾಕಿದ್ದರು.

ಉಡುಪಿಯವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎಂದು ಮೆಸೇಜು ಬಂತು. ತಮ್ಮನನ್ನು ಹಿಡಿದುಕೊಂಡೆ.

"ಫ್ಲೆಕ್ಸ್ ಮಾಡುಕೆ ಮೊದ್ಲ್ ನಿಂಗ್ ಕಳ್ಸಿದ್ನಾ ಇಲ್ಯಾ?"

"ವಾಟ್ಸಾಪ್ ಮಾಡಿದ್ದ ಅಕ್ಕಾ."

"ಕಂಡ್ಯಾ?"

"ಕಂಡೆ. ಫೋನ್ ನಂಬ್ರ ಸಮಾ ಇತ್ತ್, ಓಕೆ ಅಂದೆ."

ನಂಬರು ಸರಿ ಇತ್ತಂತೆ! ಹೆತ್ತ ತಾಯಿಯ ಹಣೆ ಕಾಣಲಿಲ್ಲ ಇವನಿಗೆ. ಹುಟ್ಟಿದ ಮೇಲೆ ದಿನಕ್ಕೆ ಹತ್ತು ಸಲ ಆ ಮುಖ ನೋಡಿ ಅನ್ನ ಹಾಕು ಎಂದು ಕೇಳಿದವನು. "ನಿನ್ನ ಕಣ್ಣಂಗೆ ಎಂತ ಮಣ್ ಬಿದ್ದಿತ್ತಾ?" ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವನು ನೆಲ ನೋಡುತ್ತ, "ಚಂದ ಕಂಡಿತ್ ಅಕ್ಕಾ, ಅದ್ಕೇ" ಎಂದ. ಆ ಮಾತಿಗೆ ನನ್ನ ಸಿಟ್ಟು ಇನ್ನೂ ಏರಿತು.

ಅಮ್ಮ ಆಗಲೇ ನೋಡಿ ಬಂದಿದ್ದಳು. ಮಸಾಲೆ ಅರೆದಳು, ಮೀನಿಗೆ ಹಚ್ಚಿದಳು. ಹೊತ್ತಿಗೆ ಸರಿಯಾಗಿ ಜನ ಬರುವಾಗ ಮಾತ್ರ ಮಣೆಯ ಮೇಲೆ ಕೂರಲಿಲ್ಲ. "ನೀ ಕೂಕೋ ಹೆಣ್ಣೆ, ನಾ ಒಳ್ಗ್ ಸಾರ್ ಕಾಂತೆ" ಎಂದು ಹಿಂದಿನ ಅಡುಗೆಮನೆಗೆ ಹೋದಳು. ಮರುದಿನವೂ ಹಾಗೆ. ಅದರ ಮರುದಿನವೂ. ಫ್ಲೆಕ್ಸು ನೋಡಿ ಬಂದವರು ಕಾವಲಿಯ ಮುಂದೆ ನನ್ನನ್ನು ನೋಡಿ "ಅಕ್ಕ ಎಲ್ಲಿ?" ಎಂದು ಕೇಳುತ್ತಿದ್ದರು. ಅಮ್ಮ ಒಳಗೆ ಹೊಗೆಯಲ್ಲಿ, ಅವಳ ಮುಖ ಹೊರಗೆ ಬಿಸಿಲಲ್ಲಿ. ಇಷ್ಟು ವರ್ಷ ಯಾರು ಏನಂದರೂ ಬಿಡದ ಮಣೆಯನ್ನು ಒಂದು ಚಿತ್ರಕ್ಕೆ ಹೆದರಿ ಬಿಟ್ಟಳಲ್ಲ ಎಂದು ನನಗೆ ಸಿಟ್ಟು. ಅವಳು ಅಲ್ಲಿ ಕೂರದಿದ್ದರೆ ಅದು ಅಕ್ಕನ ಹೋಟ್ಲೂ ಅಲ್ಲ, ಕಾವಲಿಯೂ ಅಲ್ಲ.

ಚಿತ್ರಕ್ಕೆ ಮಾತ್ರ ಹೆದರಿದ್ದಲ್ಲ ಎಂದು ಆಮೇಲೆ ತಿಳಿಯಿತು. ಪೇಜಿನಲ್ಲಿ ಅದೇ ಫೋಟೋ ಇತ್ತು, ಅದರ ಕೆಳಗೆ ನಮ್ಮವರೇ ಬರೆದದ್ದೂ ಇತ್ತು. 'ಯಜಮಾನರು ಹೋದಮೇಲೆ ಶೃಂಗಾರ ಜೋರು' ಎಂದು ಒಬ್ಬ. ಮೂರು ಹೊತ್ತು ನಮ್ಮಲ್ಲಿ ಉಂಡು ಬೆಳೆದ ಹೆಣದ ಮಗ ಅವನು. ಅದಕ್ಕೆ ಹಲ್ಲು ಕಿಸಿಯುವ ಚಿತ್ರ ಹಾಕಿದವರು ಇನ್ನಷ್ಟು ಜನ. ಆಡುವ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ, ಸರಿ. ಬೆರಳಿಗಾದರೂ ಒಂದು ಬೀಗ ಬೇಡವೇ? ಯಾರೋ ಪುಣ್ಯಾತ್ಗಿತ್ತಿ ಬಂದು ಅಮ್ಮನಿಗೆ ಅದನ್ನೆಲ್ಲ ಓದಿ ಹೇಳಿ ಹೋಗಿದ್ದಳು.

ನಾಲ್ಕನೆಯ ದಿನ ಬಸ್ರೂರಿನಿಂದ ಬಸ್ಸು ಹಿಡಿದು ದೊಡ್ಡತ್ತೆ ಬಂದರು. ಅಪ್ಪನ ಅಕ್ಕ. ಮಧ್ಯಾಹ್ನದ ಊಟದ ಹೊತ್ತು, ಬೆಂಚಿನ ಮೇಲೆ ಜನ ಇದ್ದಾರೆ ಎನ್ನುವುದನ್ನೂ ನೋಡಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿ ಶುರು ಮಾಡಿದರು.

"ಗಂಡ ಸತ್ತ್ ಇಷ್ಟ್ ವರ್ಷ ಆಯ್ತ್. ಮೊಮ್ಮಕ್ಕಳ್ನ ಕಾಂಬ ಪ್ರಾಯದಾಗೆ ಕುಂಕ್ಮ ಇಟ್ಕಂಡ್ ರಸ್ತಿ ಮೇಲ್ ನಿಂತಿಯಲೆ, ನಾಚ್ಕಿ ಆತಿಲ್ಯಾ ನಿಂಗೆ?"

"ದೊಡ್ಡತ್ತೆ, ಅಮ್ಮ ಇಟ್ಕಂಡದ್ದಲ್ಲ ಅದ್. ಕಂಪ್ಯೂಟ್ರಂಗೆ ಮಾಡಿದ್" ಎಂದೆ.

"ಕಂಪ್ಯೂಟ್ರೋ ಗಿಂಪ್ಯೂಟ್ರೋ. ಇವತ್ತೇ ಅದ್ ಕೆಳ್ಗ್ ಇಳಿಕ್. ಇಲ್ದಿರೆ ನಮ್ಮನಿ ಮದುವಿಗೆ ನೀವ್ ಯಾರೂ ಬಪ್ಪುದ್ ಬ್ಯಾಡ."

ಒಳಗೆ ಪಾತ್ರೆಯ ಸದ್ದು ನಿಂತಿತು.

ನಾನು ದೊಡ್ಡತ್ತೆಯ ಕೈ ನೋಡುತ್ತಿದ್ದೆ. ತೊಂಬತ್ತೇಳರಲ್ಲಿ ಅಪ್ಪನ ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ, ಬಾವಿಕಟ್ಟೆಯ ಹತ್ತಿರ ಅಮ್ಮನನ್ನು ಕೂರಿಸಿ, ಒದ್ದೆ ಬಟ್ಟೆಯಿಂದ ಅವಳ ಹಣೆ ಉಜ್ಜಿದ ಕೈ ಅದು. ಕುಂಕುಮ ಹೋದ ಮೇಲೂ ಉಜ್ಜುತ್ತಿದ್ದರು, ಚರ್ಮ ಕೆಂಪಾಗುವವರೆಗೆ. ಬಾವಿಯ ಕಲ್ಲಿಗೆ ಬಡಿದು ಬಳೆ ಒಡೆದರು. ತಲೆಯ ಹೂವನ್ನು ಕಿತ್ತು ತೆಂಗಿನ ಬುಡಕ್ಕೆ ಎಸೆದರು. ನಾನು "ಬ್ಯಾಡ, ಬ್ಯಾಡ" ಎಂದು ಕೂಗಿದ್ದಕ್ಕೆ ಯಾರೋ ರಟ್ಟೆ ಹಿಡಿದು ನನ್ನನ್ನು ಒಳಗೆ ಎಳೆದುಕೊಂಡು ಹೋದರು. ಕಿಟಕಿಯಿಂದ ನೋಡುವಾಗ ಎಲ್ಲ ಮುಗಿದಿತ್ತು. ಅಷ್ಟು ಬೇಗ. ಬೇಕೋ ಬೇಡವೋ ಎಂದು ಅಮ್ಮನನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಅವನೇ, ಉಡುಪಿಯವನು. ಕೈಯೆಲ್ಲ ಮಸಾಲೆ, ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಮೇಡಂ, ಗುಡ್ ನ್ಯೂಸ್! ಆ ಫೋಟೋಗೆ ಎಷ್ಟು ಲೈಕ್ ಬಂದಿದೆ ನೋಡಿದ್ರಾ?"

"ನನ್ನ ಅಮ್ಮನ ಹಣೆಗೆ ಕುಂಕುಮ ಹಾಕಿ ಅಂತ ನಿಮಗೆ ಹೇಳಿದವರು ಯಾರು?"

"ಅದಾ? ಹಣೆ ಖಾಲಿ ಕಾಣ್ತಿತ್ತು ಮೇಡಂ. ಅಮ್ಮ ಅಂದ್ರೆ ಕುಂಕುಮ, ಹೂವು, ಬಳೆ. ಜನ ಅದನ್ನೇ ಇಷ್ಟಪಡೋದು."

"ನನ್ನ ಅಪ್ಪ ಸತ್ತು ಹದಿನೆಂಟು ವರ್ಷ ಆಯ್ತು ಮಾರಾಯ್ರೆ! ಖಾಲಿ ಕಾಣ್ದೆ ಮತ್ತೆಂತ ಕಾಣ್ಬೇಕು? ಬಾಯಿಬಿಟ್ಟು ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ? ಮೂರು ಬಂಗ್ಡಿ ತಿನ್ನುವಷ್ಟು ಹೊತ್ತು ಎದುರಿಗೇ ಕೂತಿದ್ರಲ್ಲ!"

ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿದ್ದರು. ದೊಡ್ಡತ್ತೆ, ಕೇಳಿದಿರಾ ಎನ್ನುವಂತೆ ಎಲ್ಲರ ಕಡೆ ನೋಡಿದರು. ಆಮೇಲೆ ಅವನ ಧ್ವನಿ ಬಂತು, ತಗ್ಗಿದ ಧ್ವನಿ.

"ಸಾರಿ ಮೇಡಂ, ಗೊತ್ತಿರಲಿಲ್ಲ. ನೀವೇನೂ ಟೆನ್ಷನ್ ಮಾಡ್ಬೇಡಿ. ಎರಡು ನಿಮಿಷದ ಕೆಲಸ. ಕುಂಕುಮ, ಹೂವು, ಬಳೆ ಎಲ್ಲ ತೆಗೆದುಬಿಡ್ತೇನೆ. ಹೊಸ ಫ್ಲೆಕ್ಸ್ ಇವತ್ತೇ ಕಳಿಸ್ತೇನೆ."

ಎರಡು ನಿಮಿಷದ ಕೆಲಸ. ಹಾಕುವುದಕ್ಕೂ ಅಷ್ಟೇ ಹಿಡಿದಿರಬೇಕು. ಬಾವಿಕಟ್ಟೆಯಲ್ಲೂ ಅಷ್ಟೇ ಹಿಡಿದಿತ್ತು. ನನಗೆ ಆಗ ಯಾರ ಮೇಲೆ ಕೂಗಬೇಕು ಎಂದೇ ತಿಳಿಯಲಿಲ್ಲ. ಫೋನಿನ ಮೇಲೋ, ಎದುರಿಗೆ ನಿಂತವರ ಮೇಲೋ.

"ಹಾಂಗ್ ಹೇಳ್ ಮತ್ತೆ. ಎಲ್ಲಾ ತೆಗಿಲಿ" ಎಂದರು ದೊಡ್ಡತ್ತೆ.

ಅಡುಗೆಮನೆಯ ಬಾಗಿಲಿಗೆ ಅಮ್ಮ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಬೆವರಿದ ಹಣೆ, ಎಂದಿನಂತೆ ಬೋಳು. ಬೆಂಚುಗಳ ನಡುವೆ ಬಂದು, ನನ್ನನ್ನು ಹೆಗಲು ಮುಟ್ಟಿ ಏಳಿಸಿ, ಮಣೆಯ ಮೇಲೆ ತಾನು ಕೂತಳು. ನನ್ನ ಕೈಯಿಂದ ಸಟ್ಟುಗ ತೆಗೆದುಕೊಂಡಳು. ಕಾವಲಿಯಲ್ಲಿ ನಾನು ಸಿಟ್ಟಿನಲ್ಲಿ ಕರಕು ಮಾಡಿದ್ದ ಬಂಗುಡೆಯನ್ನು ಬದಿಗೆ ಸರಿಸಿದಳು.

"ಅವ್ನಿಗ್ ಹೇಳ್" ಎಂದಳು. ಹೇಳಿದ್ದು ನನಗೆ, ನೋಡಿದ್ದು ದೊಡ್ಡತ್ತೆಯನ್ನು. "ತೆಗೂದ್ ಬ್ಯಾಡ ಅಂದ್ ಹೇಳ್. ಒಂದ್ಸಲ ತೆಗ್ದದ್ದ್ ಸಾಕ್."