ದೊಡ್ಡಮ್ಮನ ಮಂಡಿನೋವು

ವಿಮಲ ದೊಡ್ಡಮ್ಮ ಕುಂಟುತ್ತಿದ್ದದ್ದು ನಮ್ಮ ಮನೆಗೆ ಬಂದಾಗ ಮಾತ್ರ. ಶಿವಮೊಗ್ಗದ ಬಸ್ಸಿನಿಂದ ಚಂಗನೆ ಇಳಿದು, ರಸ್ತೆ ದಾಟಿ, ಭದ್ರಾವತಿ ನ್ಯೂಟೌನಿನ ನಮ್ಮ ಬೀದಿಯವರೆಗೂ ಸರಿಯಾಗಿಯೇ ನಡೆದು ಬರುತ್ತಿದ್ದಳು. ನಮ್ಮ ಗೇಟು ಕಂಡದ್ದೇ ತಡ, ಎಡಗೈ ಮಂಡಿಯ ಮೇಲೆ ಹೋಗುತ್ತಿತ್ತು, ಸೊಂಟ ಒಂದು ಕಡೆಗೆ ವಾಲುತ್ತಿತ್ತು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ನಾಲ್ಕು ಸಲ ನರಳುತ್ತಿದ್ದಳು.

"ಸರಸು, ಈ ಮಂಡಿ ಸಾಕಾಗಿ ಹೋಯ್ತು ಮಾರಾಯ್ತಿ. ರಾತ್ರಿಯೆಲ್ಲ ನಿದ್ದೆ ಇಲ್ಲ."

ಸರಸು ಅಂದರೆ ನನ್ನ ಅಮ್ಮ, ದೊಡ್ಡಮ್ಮನ ತಂಗಿ. ನಲವತ್ತು ದಾಟುವ ಮೊದಲೇ ಅಮ್ಮನಿಗೆ ಸಂಧಿವಾತ ಹಿಡಿದಿತ್ತು. ಬೆರಳುಗಳು ಸೊಟ್ಟಗಾಗಿ, ಮಂಡಿಗಳು ಊದಿ, ವಾಕರ್ ಇಲ್ಲದೆ ಬಚ್ಚಲಿಗೂ ಹೋಗಲಾಗದ ಸ್ಥಿತಿ. ಅಂಥ ಅಮ್ಮ, ಅಕ್ಕನ ನರಳಾಟ ಕೇಳಿದ ಕೂಡಲೇ ತನ್ನ ನೋವಿನೆಣ್ಣೆ ತರಿಸಿ, ಅವಳ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ನೀವುತ್ತಿದ್ದಳು. ದೊಡ್ಡಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ನೀವಿಸಿಕೊಳ್ಳುವ ಸುಖಕ್ಕೆ ಮುಚ್ಚುತ್ತಾಳೆ ಎಂದುಕೊಂಡಿದ್ದೆ ನಾನು.

ನಿಜ ಗೊತ್ತಾದದ್ದು ಆಕಸ್ಮಿಕವಾಗಿ. ನಾನು ಶಾಲೆಯಲ್ಲಿ ಟೀಚರು. ಒಂದು ತರಬೇತಿಗೆಂದು ಬೆಳಿಗ್ಗೆ ಬೇಗ ಶಿವಮೊಗ್ಗಕ್ಕೆ ಹೋದವಳು, ದೊಡ್ಡಮ್ಮನ ಮನೆಯಲ್ಲಿ ತಿಂಡಿ ತಿಂದು ಮುಂದೆ ಹೋಗೋಣ ಎಂದು ದುರ್ಗಿಗುಡಿಗೆ ನಡೆದೆ. ಮನೆಗೆ ಬೀಗ. "ವಿಮಲಮ್ಮ ಗ್ರೌಂಡಲ್ಲಿರ್ತಾರೆ ನೋಡಿ" ಎಂದರು ಪಕ್ಕದ ಮನೆಯವರು.

ಗ್ರೌಂಡಿನಲ್ಲಿ ಚೂಡಿದಾರ ತೊಟ್ಟು, ನೀಲಿ ಶೂ ಹಾಕಿ, ಬಿಳಿಗೂದಲನ್ನು ಜುಟ್ಟು ಕಟ್ಟಿದ ಒಬ್ಬ ಹೆಂಗಸು ಓಡುತ್ತಿದ್ದಳು. ಪುಟ್ಟ ಪುಟ್ಟ ಹೆಜ್ಜೆ, ಒಂದೇ ಸಮನೆ. ಹತ್ತಿರ ಬಂದಾಗ ತುಟಿ ಅಲ್ಲಾಡುವುದು ಕಂಡಿತು. "ಲೈನಲ್ಲಿರಿ... ಲೈನಲ್ಲಿರಿ..." ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಆಯುಷ್ಯ ಜನರಿಗೆ ಹೇಳಿದ್ದನ್ನು ಈಗ ತನ್ನ ಉಸಿರಿಗೆ ಹೇಳಿಕೊಳ್ಳುತ್ತಿದ್ದಳು ದೊಡ್ಡಮ್ಮ. ನನ್ನನ್ನು ನೋಡಿದವಳೇ ನಿಂತುಬಿಟ್ಟಳು. ಅಭ್ಯಾಸಬಲದಿಂದ ಕೈ ಮಂಡಿಗೆ ಹೋಯಿತು. ಆಮೇಲೆ ತಾನೇ ನಾಚಿ ತೆಗೆದಳು.

"ಸರಸೂಗೆ ಹೇಳ್ಬೇಡ ಕಣೇ."

"ಯಾಕೆ ದೊಡ್ಡಮ್ಮ? ಖುಷಿ ಪಡ್ತಾಳೆ."

"ನಿಂಗೊತ್ತಿಲ್ಲ. ಸ್ಕೂಲಲ್ಲಿ ಓಡ್ತಿದ್ದೋಳು ಅವಳು. ಭದ್ರಾ ಚಾನಲ್ಲಲ್ಲಿ ಹುಡುಗ್ರನ್ನ ಹಿಂದೆ ಹಾಕಿ ಈಜ್ತಿದ್ದೋಳೂ ಅವಳೇ. ನಾನು ಏರಿ ಮೇಲೆ ಬಟ್ಟೆ ಕಾಯ್ಕೊಂಡು ಕಡ್ಲೆಕಾಯಿ ತಿಂತಿದ್ದೆ. ಈಗ ನೋಡು. ಅವಳ ಪಾಲಿಂದು ನಾನು ತಿಂತಿದೀನಿ ಅನ್ಸುತ್ತೆ."

ರಿಟೈರಾದ ವರ್ಷ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ಡಾಕ್ಟರು ಗದರಿದ ಮೇಲೆ ನಡೆಯಲು ಶುರುಮಾಡಿದ್ದಳಂತೆ. ನಡಿಗೆ ಓಟವಾಯಿತು. ಓಟದ ಗೆಳತಿಯೊಬ್ಬಳು ಈಜುಕೊಳದ ಲೇಡೀಸ್ ಬ್ಯಾಚಿಗೆ ಎಳೆದುಕೊಂಡು ಹೋದಳು. ಮೊದಲ ದಿನ ನೈಟಿಯಲ್ಲೇ ಇಳಿಯಲು ಹೋದಾಗ ಅಲ್ಲಿಯವರು ವಾಪಸು ಕಳಿಸಿದರು. ಮರುದಿನ ಈಜುಡುಗೆ ತೊಟ್ಟು, ಮೇಲೆ ದೊಡ್ಡ ಟವೆಲು ಸುತ್ತಿ, ಕೊನೆಯ ಮೆಟ್ಟಿಲಿನಲ್ಲಿ ಅದನ್ನು ಎಸೆದು ದುಡುಂ ಎಂದು ಬಿದ್ದಳಂತೆ. "ಕುತ್ತಿಗೆವರೆಗೆ ನೀರಿದ್ರೆ ಯಾರ ವಯಸ್ಸು ಯಾರಿಗೆ ಕಾಣುತ್ತೆ?" ಎಂದು ನಗುತ್ತಿದ್ದಳು. ಆದರೆ ಒದ್ದೆ ತಲೆ ಒರೆಸಿಕೊಳ್ಳುವ ಮೊದಲೇ ಅಮ್ಮನಿಗೆ ಫೋನು: "ಹೇಗಿದೆ ಸರಸು ಕೈ ಇವತ್ತು?" ದೇವರಿಗೆ ತಪ್ಪುಕಾಣಿಕೆ ಹಾಕಿದ ಹಾಗೆ.

ಗುಟ್ಟು ರಟ್ಟಾದ ಶನಿವಾರ ದೊಡ್ಡಮ್ಮನ ಕಾಲು ಅಮ್ಮನ ತೊಡೆಯ ಮೇಲೆಯೇ ಇತ್ತು. ಎದುರುಮನೆಯ ಸೆಲ್ವಿ ಅಕ್ಕ ಪೇಪರು ಹಿಡಿದು ಓಡಿಬಂದರು. "ಪಾರುಂಗೋ, ನೋಡಿ ಸರಸಮ್ಮ! ನಮ್ಮ ವಿಮಲಮ್ಮ ಫೋಟೋ ಬಂದಿದೆ. ಓಟದಲ್ಲಿ ಸೆಕೆಂಡ್ ಪ್ರೈಜ್!"

ಹಿರಿಯರ ಓಟದ ಸುದ್ದಿ. ಕೊರಳಲ್ಲಿ ಪದಕ ಹಾಕಿಕೊಂಡು ಹಲ್ಲು ಬಿಟ್ಟು ನಿಂತಿದ್ದಳು ದೊಡ್ಡಮ್ಮ. ಅಮ್ಮ ತುಂಬ ಹೊತ್ತು ಅದನ್ನೇ ನೋಡಿದಳು. ಸೆಲ್ವಿ ಅಕ್ಕ ಏನೋ ಅರ್ಥವಾದವರಂತೆ ಮೆಲ್ಲಗೆ ಹೊರಟುಹೋದರು. ಅಮ್ಮ ಎಣ್ಣೆಯ ಬೆರಳುಗಳನ್ನು ಒಂದೊಂದಾಗಿ ಸೆರಗಿಗೆ ಒರೆಸಿಕೊಂಡಳು.

"ಓಡಿದ್ದಕ್ಕೆ ನಂಗೇನಿಲ್ಲ ಅಕ್ಕ. ಕುಂಟಿದ್ಯಲ್ಲ, ಅದಕ್ಕೆ."

ದೊಡ್ಡಮ್ಮ ಕಾಲು ಮಡಚಿಕೊಂಡಳು.

"ಈ ಬೆರಳಲ್ಲಿ ನಿನ್ನ ಮಂಡಿ ಉಜ್ಜಿದೀನಿ. ಉಜ್ಜೋವಾಗ ನಂಗೆಷ್ಟು ನೋವಾಗುತ್ತೆ ಗೊತ್ತಾ?"

"ಗೊತ್ತು."

"ಗೊತ್ತಿದ್ದೂ ಚಾಚ್ತಿದ್ಯಾ?"

"ನಂಗೂ ಒಂದು ನೋವಿದೆ ಅಂದ್ರೆ ನಿಂಗೆ ಸ್ವಲ್ಪ ಹಗುರ ಆಗುತ್ತೇನೋ ಅಂದ್ಕೊಂಡೆ ಸರಸು. ಆಮೇಲೆ ಹೇಗೆ ನಿಲ್ಸೋದು ಅಂತ ತಿಳೀಲಿಲ್ಲ."

ಅಮ್ಮ ಮುಖ ತಿರುಗಿಸಿದಳು. ದೊಡ್ಡಮ್ಮ ಅಂದು ಊಟ ಮಾಡದೆ ಹೋದಳು.

ಅದಾದ ಮೇಲೆ ಅವಳು ಓಟ ಬಿಟ್ಟಳು, ಕೊಳ ಬಿಟ್ಟಳು. ವಾರಕ್ಕೆರಡು ಸಲ ಬಂದು ಅಮ್ಮನ ಮಂಚದ ಪಕ್ಕ ಕುರ್ಚಿಯಲ್ಲಿ ಸುಮ್ಮನೆ ಕೂರುವಳು. ಮುಖ ಕಳೆಗುಂದಿತು, ಸಕ್ಕರೆ ಏರಿತು. ಶಿಕ್ಷೆ ಅನುಭವಿಸಲು ಬಂದವಳಂತೆ ಇರುತ್ತಿದ್ದಳು. ತಿಂಗಳುಗಟ್ಟಲೆ ನೋಡಿ ನೋಡಿ ಅಮ್ಮನೇ ಒಂದು ದಿನ ಸಿಡಿದಳು.

"ನೀನಿಲ್ಲಿ ಮೂತಿ ಇಳಿಬಿಟ್ಕೊಂಡು ಕೂತ್ರೆ ನನ್ನ ಕಾಲು ಬರುತ್ತಾ? ಸುಳ್ಳು ಕುಂಟು ಆಯ್ತು, ಇನ್ನು ನಿಜವಾಗ್ಲೂ ಕುಂಟ್ಬೇಕು ಅಂತಾನಾ? ನಡಿ, ನಿನ್ನ ಕೊಳ ಎಲ್ಲಿದೆ ತೋರ್ಸು."

ಕಾರು ಮಾಡಿಕೊಂಡು ಹೋದೆವು. ಅಮ್ಮ ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ನೋಡಿದಳು. ದೊಡ್ಡಮ್ಮ ಹೆದರಿಕೊಂಡೇ ಈಜಿದಳು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ. "ಕಾಲು ಮಡಚ್ತೀಯ, ನೀಟಾಗಿ ಚಾಚು!" ಎಂದು ಅಮ್ಮ ಕೂಗಿದಾಗ ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಹೇಳಿದಳು: "ನಂಗೂ ಇಳೀಬೇಕು."

ಅಮ್ಮನ ಡಾಕ್ಟರನ್ನು ಕೇಳಿದೆವು. ಬೆಚ್ಚಗಿನ ಬಿಸಿಲಿರುವಾಗ, ಹಿಡಿದುಕೊಳ್ಳಲು ಜನ ಇದ್ದರೆ ಒಳ್ಳೆಯದೇ ಎಂದರು. ಬೇಸಿಗೆಯ ಒಂದು ದಿನ, ಆಳವಿಲ್ಲದ ಕಡೆ, ದೊಡ್ಡಮ್ಮ ಒಂದು ತೋಳು ಹಿಡಿದು, ನಾನು ಇನ್ನೊಂದು ಹಿಡಿದು ಅಮ್ಮನನ್ನು ಇಳಿಸಿದೆವು. ನೀರು ಎದೆಮಟ್ಟಕ್ಕೆ ಬಂದಾಗ ನನ್ನ ಕೈಮೇಲಿದ್ದ ಅವಳ ಭಾರ ತಾನಾಗಿ ಕಡಿಮೆಯಾಯಿತು.

"ಬಿಡು ಅಕ್ಕ ಕೈ."

ದೊಡ್ಡಮ್ಮ ಬಿಡಲಿಲ್ಲ.

"ಬಿಡೇ!"

ಬಿಟ್ಟಳು. ಅಮ್ಮ ನಡೆದಳು. ನಿಧಾನಕ್ಕೆ, ಕೈಗಳನ್ನು ದೋಣಿಯ ಹುಟ್ಟಿನಂತೆ ಆಡಿಸುತ್ತ, ಯಾರನ್ನೂ ಹಿಡಿಯದೆ ಗೋಡೆಯವರೆಗೆ ಹೋಗಿ, ಅದನ್ನು ತಟ್ಟಿ, ನಗುತ್ತ ತಿರುಗಿದಳು. ನನ್ನ ಪಕ್ಕದಲ್ಲಿ ದೊಡ್ಡಮ್ಮ ಕೊಳದ ನೀರನ್ನೇ ಮುಖಕ್ಕೆ ಎರಚಿಕೊಳ್ಳುತ್ತಿದ್ದಳು.

"ಇಷ್ಟು ವರ್ಷ ಬಚ್ಚಿಟ್ಕೊಂಡ್ನಲ್ಲೇ" ಎಂದಳು ನನಗೆ ಮಾತ್ರ ಕೇಳುವಂತೆ. "ಅವಳಿಗೆ ಬೇಜಾರಾಗುತ್ತೆ ಅಂತ ಮುಚ್ಚಿಟ್ಟೆ. ಹೇಳಿದ್ರೆ ಅವತ್ತೇ ಕರ್ಕೊಂಡು ಬರ್ಬೋದಿತ್ತು. ಅವಳ ಕೈ ಇಷ್ಟು ಸೊಟ್ಟ ಆಗೋಕ್ಕೆ ಮುಂಚೆ."

ಅವಳು ಹೇಳಿದ್ದು ನಿಜವಾಗಿತ್ತು. ಅದು ನನಗೂ ಗೊತ್ತಿತ್ತು, ಗ್ರೌಂಡಿನಲ್ಲಿ ಅವಳನ್ನು ಕಂಡ ದಿನದಿಂದ ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆ.

ಆ ಬೇಸಿಗೆ ಪೂರ್ತಿ ಅಮ್ಮನನ್ನು ಕರೆದುಕೊಂಡು ಹೋದೆವು. ಮಳೆ ಹಿಡಿದ ಮೇಲೆ ನಿಲ್ಲಿಸಿದೆವು. ದೊಡ್ಡಮ್ಮನನ್ನು ನಾವು ಕೊನೆಯ ಸಲ ನೋಡಿದ್ದು ಶ್ರಾವಣದ ಒಂದು ಸಂಜೆ. ಅಕ್ಕ ತಂಗಿ ಜಗಲಿಯಲ್ಲಿ ಹರಟುತ್ತಿದ್ದಾಗ ಬೀದಿಯ ತುದಿಯಲ್ಲಿ ಶಿವಮೊಗ್ಗದ ಬಸ್ಸು ಬಂದು ನಿಂತಿತು. ಅವಳು ಚೀಲ ಹುಡುಕುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ.

"ಹೋಯ್ತು ಬಿಡು, ಇನ್ನೊಂದಕ್ಕೆ ಹೋಗ್ತೀನಿ" ಎಂದಳು ದೊಡ್ಡಮ್ಮ.

"ಯಾಕೆ ಹೋಗುತ್ತೆ? ಓಡೇ ಅಕ್ಕ! ಓಡು!" ಅಮ್ಮ ಕಂಬ ಹಿಡಿದುಕೊಂಡು ಎದ್ದು ನಿಂತೇ ಕೂಗಿದಳು.

ದೊಡ್ಡಮ್ಮ ಒಂದು ಗಳಿಗೆ ತಂಗಿಯ ಮುಖ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಓಡಿದಳು. ನಾನು ಅವಳ ಚೀಲ ಹಿಡಿದು ಹಿಂದೆ ಓಡಿದೆ, ಏದುಸಿರು ಬಂದದ್ದು ನನಗೆ.

ಅದೇ ವಾರ, ನಿದ್ದೆಯಲ್ಲೇ ಹೋಗಿಬಿಟ್ಟಳು. "ಈ ವಯಸ್ಸಲ್ಲಿ ಓಡಿ ಈಜಿ ಮಾಡಿದ್ರೆ ಇನ್ನೇನಾಗುತ್ತೆ" ಎಂದು ನೆಂಟರೊಬ್ಬರು ಅಂದದ್ದು ಅಮ್ಮನ ಕಿವಿಗೆ ಬಿತ್ತು. ವೈಕುಂಠ ಸಮಾರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಅಮ್ಮ ನನ್ನನ್ನು ಹತ್ತಿರ ಕರೆದಳು.

"ಅವತ್ತು ಓಡು ಅಂದಿದ್ದು ನಾನೇ ಅಲ್ವಾ?"

"ಬಸ್ಸು ಹೊರಟಿತ್ತಲ್ಲಮ್ಮ."

ಅಮ್ಮ ರಸ್ತೆಯ ಕಡೆಗೆ ತಿರುಗಿದಳು.

"ಸಿಕ್ತಾ ಅವಳಿಗೆ?"

"ಸಿಕ್ತಮ್ಮ" ಎಂದೆ. "ಕಿಟಕಿ ಪಕ್ಕದ ಸೀಟೇ ಸಿಕ್ತು."