ಬೋಳು ಕೈ

ಬೀಚಿನಲ್ಲಿ ಮೆಹಂದಿ ಹಾಕುವ ನಮ್ಮಂಥವರಲ್ಲಿ ಒಂದು ಮಾತಿದೆ. ದೂರದಲ್ಲಿ ಗಿರಾಕಿ ಕಂಡರೆ ಒಬ್ಬಳು ಇನ್ನೊಬ್ಬಳಿಗೆ, "ಬೋಳ ಕೈ ಬಂತ ನೋಡ" ಎನ್ನುತ್ತಾಳೆ. ಬಣ್ಣವಿಲ್ಲದ ಕೈ ಎಂದರೆ ನಮಗೆ ಅವತ್ತಿನ ಊಟ. ಅದೇ ಮಾತನ್ನು ಮನೆಯಲ್ಲಿ ಆಡಿದರೆ ಅವ್ವ ಬೈಯುತ್ತಿದ್ದಳು. ನಮ್ಮ ಕಡೆ ಬೋಳು ಕೈ ಎಂದರೆ ಬಳೆ ಒಡೆದ ಕೈ, ಗಂಡ ಸತ್ತವಳ ಕೈ.

ನಾನು ಊರಿನ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆವರೆಗೆ ಓದಿದೆ. ಅಷ್ಟರಲ್ಲಿ ತಂಗಿ ಹುಟ್ಟಿದಳು, ಮನೆಯವರೆಲ್ಲ ದುಡಿಯಲು ಗೋವಾಕ್ಕೆ ಬಂದೆವು, ಅವಳನ್ನು ಎತ್ತಿಕೊಳ್ಳಲು ಯಾರದಾದರೂ ಸೊಂಟ ಬೇಕಿತ್ತು. ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಅವಳು ಮಾತ್ರ ಇಲ್ಲಿಯ ಶಾಲೆಗೆ ಹೋಗಿ ಹನ್ನೆರಡನೆಯದು ಪಾಸಾದಳು. ಈಗ ಮಂಗೋರ್ ಹಿಲ್‌ನ ಒಂದು ಖೋಲಿಯಲ್ಲಿ ನಾವಿಬ್ಬರೇ ಇದ್ದೇವೆ.

ಪಾಸಾದ ಮೇಲೆ ಅವಳು ನನ್ನ ಜೊತೆ ಬೀಚಿಗೆ ಬರತೊಡಗಿದಳು. ಇಂಗ್ಲಿಷ್ ಮಾತಾಡಿ ಗಿರಾಕಿಗಳನ್ನು ಕರೆತರುತ್ತಿದ್ದಳು, ನಾನು ತಲೆ ತಗ್ಗಿಸಿ ಮೆಹಂದಿಯ ಕೋನು ಹಿಡಿಯುತ್ತಿದ್ದೆ. ಮರಳಿನಲ್ಲಿ ಕುಂತು ಕುಂತು ನನ್ನ ಮೊಣಕಾಲು ಹೋಗಿವೆ. ಅವಳು ಬಂದ ಮೇಲೆ ನಾನು ಎದ್ದು ಅಲೆಯುವುದು ತಪ್ಪಿತ್ತು.

ಹಾಗಿರುವಾಗ ಪಕ್ಕದ ಖೋಲಿಯ ವೈನಿ ಒಂದು ಸುದ್ದಿ ತಂದರು. ಅವರು ಕೊರ್ಲಿಮ್‌ನ ಒಂದು ಔಷಧಿ ಕಾರ್ಖಾನೆಯಲ್ಲಿ ಕಸ ಹೊಡೆಯುತ್ತಾರೆ. ಅಲ್ಲಿ ಗುಳಿಗೆ ಪ್ಯಾಕ್ ಮಾಡಲು ಹುಡುಗಿಯರು ಬೇಕಾಗಿದ್ದರು. ತಂಗಿ ಕುಣಿದಾಡಿದಳು. ನೆರಳಿನಲ್ಲಿ ಕುಳಿತು ಮಾಡುವ ಕೆಲಸ, ಪ್ರತಿ ತಿಂಗಳು ಪಗಾರ, ಯಾರೂ ಬಂದು "ಏಳ್ರಿ ಇಲ್ಲಿಂದ" ಎಂದು ಓಡಿಸುವುದಿಲ್ಲ.

ಸಂದರ್ಶನದ ಹಿಂದಿನ ದಿನ ನಲ್ಲಿಯ ಹತ್ತಿರ ವೈನಿ ಸಿಕ್ಕಿದರು. "ತಂಗೀಗೆ ನೆನಪಿಲೆ ಹೇಳವಾ, ಕೈ ಬೋಳ ಇರಬೇಕ. ಅಲ್ಲಿ ಮೊದಲ ಕೈನ ನೋಡ್ತಾರ" ಎಂದರು. ನನಗೆ ಅರ್ಥವಾಗಲಿಲ್ಲ ಎಂದು ಈಗ ಹೇಳಲಾರೆ. ಕೈಯೇ ನನ್ನ ಕಸುಬು.

ಖೋಲಿಗೆ ಬಂದಾಗ ತಂಗಿ ಅಂಗಿ ಇಸ್ತ್ರಿ ಮಾಡುತ್ತಿದ್ದಳು. "ಅಕ್ಕಾ, ಭಾಳ ಮಂದಿ ಬರ್ತಾರಂತ. ಅಷ್ಟರಾಗ ನನ್ನ ಯಾರ ನೋಡ್ತಾರ?" ಎಂದಳು.

"ಎದ್ದ ಕಾಣಬೇಕ" ಎಂದೆ. "ಬೀಚಿನ್ಯಾಗ ನಾವು ಮಾಡಂಗಿಲ್ಲೇನ? ಕೈ ಕೊಡ ಇಲ್ಲೆ."

"ಅಯ್ಯ, ನೌಕರಿಗೆ ಹೊಂಟೇನಿ, ಲಗ್ನಕ್ಕಲ್ಲ!"

"ಶುಭ ಕೆಲಸಕ್ಕ ಬೋಳ ಕೈಲೆ ಹೋಗ್ತಾರೇನ, ಹುಚ್ಚಿ?"

ಅವಳು ನಕ್ಕು ಕೈ ಚಾಚಿದಳು. ಮೊಣಕೈವರೆಗೆ ಬಳ್ಳಿ ಬಿಟ್ಟೆ, ಅಂಗೈ ನಡುವೆ ನವಿಲು ಕೂರಿಸಿದೆ, ನಿಂಬೆರಸದಲ್ಲಿ ಸಕ್ಕರೆ ಕಲಸಿ ಹಚ್ಚಿದೆ, ಲವಂಗದ ಹೊಗೆ ಕೊಟ್ಟೆ. ಹಾಕುತ್ತ ಹಾಕುತ್ತ, ವೈನಿಯ ಮಾತು ಅಪಶಕುನದ್ದು, ಅದನ್ನು ಹೇಳದಿರುವುದೇ ಚಲೋ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಕೆಳಗೆ ಇನ್ನೊಂದು ಮಾತಿತ್ತು: ಇವಳು ಹೋದರೆ ನಾಳೆಯಿಂದ ಆ ಬಿಸಿಲಲ್ಲಿ ನಾನೊಬ್ಬಳೇ. ಮೊದಲನೆಯದನ್ನು ಜೋರಾಗಿ ಹೇಳಿಕೊಂಡದ್ದರಿಂದ ಎರಡನೆಯದು ಕೇಳಿಸಲಿಲ್ಲ. ಬೆಳಿಗ್ಗೆ ನೋಡಿದರೆ ಬಣ್ಣ ಕಪ್ಪಿಗೆ ತಿರುಗುವಷ್ಟು ಗಾಢವಾಗಿ ಕೂತಿತ್ತು. ಅಷ್ಟು ಒಳ್ಳೆಯ ಮೆಹಂದಿಯನ್ನು ನಾನು ಯಾರಿಗೂ ಹಾಕಿಲ್ಲ.

ಬಸ್ಸು ಬದಲಿಸಿ ಇಬ್ಬರೂ ಕೊರ್ಲಿಮ್‌ಗೆ ಹೋದೆವು. ನಾನು ಗೇಟಿನ ಹೊರಗೆ ನಿಂತೆ. ಒಳಗೆ ವಾಚ್‌ಮನ್ ಕೋಣೆಯ ಮುಂದೆ ಹುಡುಗಿಯರು ಸಾಲಾಗಿ ನಿಂತರು. ಬಿಳಿ ಕೋಟಿನ ಒಬ್ಬ ಹೆಂಗಸು ಬಂದು, "ಹಾಥ್ ದಿಖಾವೊ" ಎಂದಳು. ಎಲ್ಲರೂ ಕೈ ಮುಂದೆ ಮಾಡಿದರು. ಅಷ್ಟು ಬೋಳು ಕೈಗಳ ನಡುವೆ ನನ್ನ ತಂಗಿಯವು ಎರಡೇ ಕೆಂಪು. ಎದ್ದು ಕಂಡಳು.

"ಶಾದಿ ಹೈ ಕ್ಯಾ?" ಎಂದಳು ಆ ಹೆಂಗಸು, ಲಗ್ನವಿದೆಯೇ ಎಂದು. ಸಾಲು ನಕ್ಕಿತು. ಆಕೆ ಕೆಟ್ಟವಳಲ್ಲ. ತಂಗಿಯ ಕೈ ಹಿಡಿದು ತಿರುಗಿಸಿ ನೋಡಿ ಕೊಂಕಣಿಯಲ್ಲಿ ಚೆಂದವಿದೆ ಎಂದಳು. ಆಮೇಲೆ, ಔಷಧಿ ಮುಟ್ಟುವ ಕೈಗೆ ಇದು ನಡೆಯುವುದಿಲ್ಲ, ಬಣ್ಣ ಹೋದ ಮೇಲೆ ಬಾ, ಜಾಗ ಇದ್ದರೆ ನೋಡೋಣ ಎಂದಳು. "ಕಿಸೀನೆ ಬತಾಯಾ ನಹೀ?" ಎಂದು ಕೇಳಿದಳು. ಯಾರೂ ಹೇಳಲಿಲ್ಲವೇ?

ತಂಗಿ ಗೇಟಿನ ಕಡೆ, ನನ್ನ ಕಡೆ ನೋಡಿದಳು. ನಾನು ಚಪ್ಪಲಿ ನೋಡಿಕೊಂಡೆ. "ನಹೀ" ಎಂದಳು.

ಮರಳುವ ಬಸ್ಸಿನಲ್ಲಿ ಕೈಗಳನ್ನು ಓಢಣಿಯೊಳಗೆ ಸುತ್ತಿಕೊಂಡು ಕೂತಿದ್ದಳು. ದಾರಿಯಲ್ಲಿ ಕೊರ್ತಾಲಿಮ್ ಎಂಬ ಊರು ದಾಟಿದ ಮೇಲೆ ಅವಳೇ ನನ್ನನ್ನು ಸಮಾಧಾನ ಮಾಡಿದಳು: "ನಿನಗರ ಏನ ಗೊತ್ತಿತ್ತ ಅಕ್ಕಾ, ಬಿಡ."

"ಹೂಂ" ಎಂದೆ.

ಅವಳು ನಿಂಬೆಹಣ್ಣು ತಿಕ್ಕಿದಳು, ಸೋಡಾ ತಿಕ್ಕಿದಳು, ಕೈ ಉರಿ ಎದ್ದಿತು, ಬಣ್ಣ ಜಗ್ಗಲಿಲ್ಲ. ಅದು ಬಿಡುವ ಹೊತ್ತಿಗೆ ಜಾಗಗಳು ತುಂಬಿದ್ದವು. ವೈನಿ ಬಾಗಿಲಲ್ಲಿ ನಿಂತು, "ನಾ ಹೇಳಿದ್ದು ಹೇಳಿದ್ದಿಲ್ಲೇನ?" ಎಂದು ಕೇಳಿದಾಗ ತಂಗಿ ನೀರಿಗೆ ಹೋಗಿದ್ದಳು. "ಹೇಳಿದ್ನಿರಿ ವೈನಿ. ಈಗಿನ ಹುಡುಗ್ಯಾರು ಎಲ್ಲೆ ಕೇಳ್ತಾರ" ಎಂದೆ. ಬಾಯಿಗೆ ಅಷ್ಟು ಸಲೀಸಾಗಿ ಬಂತು. ಅವತ್ತಿನಿಂದ ಅವರಿಬ್ಬರೂ ಮಾತಾಡುತ್ತ ನಿಂತರೆ ನಾನು ಏನಾದರೊಂದು ನೆಪ ಮಾಡಿ ತಂಗಿಯನ್ನು ಒಳಗೆ ಕರೆಯುತ್ತೇನೆ. ಇದು ದಣಿಸುವ ಕೆಲಸ. ಮೊಣಕಾಲಿನ ನೋವಾದರೆ ಮಲಗಿದಾಗ ಇಳಿಯುತ್ತದೆ.

ಆಮೇಲೆ ಅವಳು ಮೆಹಂದಿ ಹಚ್ಚಿಸಿಕೊಳ್ಳಲೇ ಇಲ್ಲ, ಗೆಳತಿಯ ಲಗ್ನದಲ್ಲಿಯೂ. ಬಳೆಯನ್ನೂ ತೆಗೆದಿಟ್ಟಳು. ಬೀಚಿನ ಉಳಿದ ಹೆಂಗಸರು, "ಮೆಹಂದಿ ಹಾಕಾಕಿ ತಂಗೀದ ಬೋಳ ಕೈ!" ಎಂದು ಅಣಕಿಸಿದರೆ, "ಯಾವಾಗ ಕರೀತಾರೊ ಏನೊ, ತಯಾರ ಇರಲಿ" ಎನ್ನುತ್ತಾಳೆ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಅವಳು ಕನ್ನಡ ಆಡುತ್ತಾಳೆ, ಇಲ್ಲಿಯ ಶಾಲೆಯಲ್ಲಿ ಕಲಿತದ್ದರಿಂದ ಓದಲು ಬಾರದು. ಅದೂ ನನಗೆ ಗೊತ್ತು.

ಮೊನ್ನೆ ಮತ್ತೆ ಅದೇ ಕಾರ್ಖಾನೆಗೆ ಹುಡುಗಿಯರು ಬೇಕಂತೆ ಎಂದು ವೈನಿ ಹೇಳಿದರು. ಈ ಸಲ ಓಡುತ್ತ ಬಂದು ತಂಗಿಗೆ ಹೇಳಿದೆ. "ನಾಳಿನ ಹೋಗು. ಕೈ ಬೋಳ ಇರಬೇಕಂತ, ವೈನಿ ಹೇಳ್ಯಾರ."

ಅವಳು ಎರಡೂ ಅಂಗೈ ನನ್ನ ಮುಂದೆ ಹಿಡಿದು ನಕ್ಕಳು. "ಅದನ್ನ ಈಗ ಹೇಳ್ತೀಯೇನ ಅಕ್ಕಾ?"

ಅವಳು ಅಂಗಿ ಇಸ್ತ್ರಿ ಮಾಡಲು ಕೂತಳು. ನಾನು ಕೋನುಗಳನ್ನು ಚೀಲಕ್ಕೆ ತುಂಬಿಕೊಂಡು, ಅವಳನ್ನು ಕರೆಯದೆ, ಬೀಚಿಗೆ ಹೊರಟೆ.