ಮೊದಲು ನೋವಿಲ್ಲದ ಕಾಲು

ಡಾಕ್ಟ್ರ ಬಲಗೈಯ ಹಿಂಬದಿ ಯಾವಾಗಲೂ ತಣ್ಣಗಿರುತ್ತಿತ್ತು. ರೋಗಿಯನ್ನು ಮುಟ್ಟುವ ಮೊದಲು ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು, ಅಂಗೈಯನ್ನು ಮೇಲಕ್ಕೆ ತಿರುಗಿಸಿ ಬೆರಳುಗಳ ಹಿಂಬದಿಯನ್ನು ಚರ್ಮಕ್ಕೆ ತಾಗಿಸುತ್ತಿದ್ದರು. ಅದೂ ಮೊದಲು ನೋವಿಲ್ಲದ ಕಡೆಗೆ. ಎಡಗಾಲು ಊದಿದ್ದರೆ ಬಲಗಾಲನ್ನು ಮುಟ್ಟುವರು.

"ನೋಯ್ತಿರೋದು ಇದಲ್ಲ ಡಾಕ್ಟ್ರೇ, ಅದು!" ಎಂದು ಜನ ನಗುತ್ತಿದ್ದರು.

"ಗೊತ್ತು ಕಣಯ್ಯ. ಇದನ್ನ ಮುಟ್ಟದೆ ಅದು ಬಿಸಿ ಅಂತ ಹೆಂಗೆ ಹೇಳ್ಲಿ?"

ಕಿಬ್ಬನಹಳ್ಳಿ ಕ್ರಾಸಿನಲ್ಲಿ, ಪಂಚರ್ ಅಂಗಡಿಯ ಪಕ್ಕ ಅವರ ಕ್ಲಿನಿಕ್. ತೆಂಗಿನಕಾಯಿ ಕೀಳುವವರು, ಸುಲಿಯುವವರು, ಮೂಟೆ ಹೊರುವವರು ಸೊಂಟವನ್ನೋ ಭುಜವನ್ನೋ ಹಿಡಿದುಕೊಂಡು ಬರುತ್ತಿದ್ದರು. ಉಳುಕಿದರೂ ಪೆಟ್ಟಾದರೂ ಅಂಗಡಿಯಿಂದ ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ತಂದು ನುಂಗುವುದು ನಮ್ಮ ಕಡೆಯ ವಾಡಿಕೆ. ಡಾಕ್ಟ್ರು ಮಾತ್ರ ಅದನ್ನು ಬರೆದುಕೊಡುತ್ತಿರಲಿಲ್ಲ. ಹಾಗಾಗಿ ಅವರಿಗೆ ಜಿಪುಣರೆಂಬ ಹೆಸರೂ ಇತ್ತು.

ಅಟ್ಟಕ್ಕೆ ಕಾಯಿ ತುಂಬುವಾಗ ನಮ್ಮಪ್ಪ ಏಣಿಯಿಂದ ಜಾರಿ ಬಿದ್ದದ್ದು ನಾನು ಬಿ.ಫಾರ್ಮ್ ಕೊನೆಯ ವರ್ಷದಲ್ಲಿದ್ದಾಗ. ಎಡತೊಡೆಯ ಮಾಂಸಖಂಡ ಒಳಗೇ ಹರಿದು, ಕಪ್ಪಗೆ ಕಂದಿ ಊದಿಕೊಂಡಿತ್ತು. ಹೆಬ್ಬೆಟ್ಟೊತ್ತುವ ಮನೆಯಿಂದ ಕಾಲೇಜು ಕಂಡವಳು ನಾನೊಬ್ಬಳೇ. ಇಂಗ್ಲಿಷಿನ ಸಂಶೋಧನಾ ಲೇಖನ ಓದಬಲ್ಲೆನೆಂಬ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ. ಮಾಂಸಖಂಡ ಹರಿದವರಿಗೆ ಆ್ಯಂಟಿಬಯೋಟಿಕ್ ಕೊಟ್ಟರೆ ಬೇಗ ವಾಸಿಯಾಯಿತು ಎನ್ನುವ ಲೇಖನವೊಂದನ್ನು ಮೊಬೈಲಿನಲ್ಲಿ ಹುಡುಕಿ, ಕ್ಲಿನಿಕ್ಕಿನಲ್ಲಿ ಡಾಕ್ಟ್ರ ಮುಂದೆ ಹಿಡಿದೆ.

ಅವರು ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದರು. "ಓದಮ್ಮ. ಕ್ಯಾಪ್ಸೂಲ್ ತಗೊಳ್ದೆ ಇದ್ದೋರು ಏನಾದ್ರಂತೆ?"

ಹುಡುಕಿದೆ. "ಅಂಥೋರು ಇಲ್ಲ ಸಾರ್. ಎಲ್ರಿಗೂ ಕೊಟ್ಟಿದ್ದಾರೆ."

"ಒಳಗೆ ಕೀವಾಗಿದ್ದೋರು ಯಾರು, ಬರೀ ಪೆಟ್ಟಾಗಿದ್ದೋರು ಯಾರು, ಬೇರೆ ಮಾಡವ್ರಾ?"

"ಇಲ್ಲ."

"ನಿಮ್ಮಟ್ಟದ ಮೇಲಿನ ಕಾಯಿ ವರ್ಷ ಕಳೆದ್ರೆ ತಾನೇ ಕೊಬ್ಬರಿ ಆಯ್ತದೆ. ಕೆಳಗೆ ದಿನಾ ಊದುಬತ್ತಿ ಹಚ್ಚಿದೋನು ನಾನೇ ಒಣಗಿಸ್ದೆ ಅಂದ್ರೆ ಒಪ್ತೀಯಾ? ಊದುಬತ್ತಿ ಹಚ್ಚದೆ ಇರೋ ಅಟ್ಟ ತೋರ್ಸು ಅಂತೀಯ ತಾನೆ?"

ಬೆಂಚಿನ ಮೇಲೆ ಅಪ್ಪನನ್ನು ಒರಗಿಸಿಕೊಂಡು ಕೂತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. "ಬಿಳಿಗೆರೆಯೋನ್ಗೂ ಹಿಂಗೇ ಬೇಡ ಅಂದಿದ್ರಂತಲ್ಲ ಡಾಕ್ಟ್ರೇ. ಏನಾದ ಅವ್ನು?"

ಅದು ಊರಿಗೆಲ್ಲ ಗೊತ್ತಿದ್ದ ಮಾತು. ಬಿಳಿಗೆರೆಯಲ್ಲಿ ಕಾಯಿ ಸುಲಿಯುತ್ತಿದ್ದವನೊಬ್ಬ ಕೆಲವು ವರ್ಷಗಳ ಹಿಂದೆ ತೊಡೆನೋವೆಂದು ಬಂದಿದ್ದ. ಔಷಧಿ ಬೇಡ, ಸುಮ್ಮನೆ ಮಲಗು ಎಂದು ಕಳಿಸಿದ್ದರು. ಡಾಕ್ಟ್ರೇ ಹೇಳವ್ರೆ ಎಂದು ಅವನು ಜ್ವರ ಬಂದರೂ ಮಲಗಿಯೇ ಇದ್ದ. ಮಾಂಸದೊಳಗೆ ಕೀವು ಕಟ್ಟಿ ಮೈಗೆಲ್ಲ ನಂಜೇರಿತ್ತು. ತುಮಕೂರಿಗೆ ಕರೆದೊಯ್ದರೂ ಉಳಿಯಲಿಲ್ಲ.

ಡಾಕ್ಟ್ರ ಮುಖ ಬಿಳಿಚಿತು. "ಹೌದು ಕಣಮ್ಮ. ಅವನಿಗೆ ಕೀವಾಗಿತ್ತು, ಕೀವಿಗೆ ಆ ಔಷಧಿ ಬೇಕಿತ್ತು. ಬರೀ ಪೆಟ್ಟಿಗೆ ಆವತ್ತೂ ಬೇಕಿರ್ಲಿಲ್ಲ, ಇವತ್ತೂ ಬೇಡ. ಅವನು ಹೋದ ಅಂತ ಎಲ್ರಿಗೂ ನುಂಗಿಸಿದ್ರೆ ಅದೂ ತಪ್ಪೇ." ಅಪ್ಪನ ತೊಡೆಯ ಕಡೆ ನೋಡಿ ಹೇಳಿದರು: "ಕೀವಾದ ಕಡೆ ಮೈ ಬಿಸಿ ಆಯ್ತದೆ. ಮಾರನೇ ದಿನ ಹೋಗಿ ಮುಟ್ಟಿ ನೋಡ್ಬೇಕಿತ್ತು ನಾನು. ನಾಳೆ ನಿಮ್ಮನೆಗೆ ಬತ್ತೀನಿ."

ಬಂದರು. ದಿನಾ ಬೆಳಿಗ್ಗೆ, ಹಳೇ ಸ್ಕೂಟರಿನಲ್ಲಿ. ಮೊದಲು ಬಲತೊಡೆ, ಆಮೇಲೆ ಎಡ. ಜ್ವರ ನೋಡಿ, "ಸರಿ" ಎಂದು ಹೊರಡುವರು. ಅಮ್ಮ ಕಾಫಿ ತಂದರೆ ಬೇಡ ಎನ್ನುವರು.

ಒಂದು ಬೆಳಿಗ್ಗೆ ಎಡತೊಡೆಯ ಮೇಲಿಟ್ಟ ಕೈ ಅಲ್ಲೇ ನಿಂತಿತು. ಮತ್ತೆ ಬಲ ಮುಟ್ಟಿದರು, ಮತ್ತೆ ಎಡ. ಎಡ ಬಿಸಿಯಾಗಿತ್ತು. "ಏಳಪ್ಪ, ತುಮಕೂರಿಗೆ ಹೋಗಾಣ. ಈಗ್ಲೇ ಹೋಗಾಣ" ಎಂದರು. ನಮ್ಮಪ್ಪನಿಗೆ ಹೇಳಿದ ಹಾಗಿರಲಿಲ್ಲ ಅದು. ಬಿಳಿಗೆರೆಯವನಿಗೆ ಹೇಳಿದ ಹಾಗಿತ್ತು.

ಬಾಗಿಲ ಮರೆಯಿಂದ ಅಮ್ಮ ಬಾಯಿಬಿಟ್ಟಳು. "ಉಪ್ಪು ಹುರಿದು ಶಾಖ ಕೊಟ್ಟಿದ್ದೆ ಕಣ್ರೀ, ಈಗ್ತಾನೆ."

ಒಲೆಯ ಪಕ್ಕ ಬಟ್ಟೆಯ ಗಂಟು ಇನ್ನೂ ಬಿಸಿಯಾಗಿತ್ತು. ಅಪ್ಪ ಮಲಗಿದಲ್ಲೇ ನಕ್ಕ. "ಡಾಕ್ಟ್ರನ್ನೇ ಸಾಯಿಸ್ಬುಡ್ತಿದ್ದಲ್ಲೇ!"

ಡಾಕ್ಟ್ರು ನಗಲಿಲ್ಲ, ಬಯ್ಯಲೂ ಇಲ್ಲ. ಹೊರಗೆ ಬಂದು ಜಗಲಿಯ ಮೇಲೆ ಕೂತರು. ಶಾಖದ ಬಿಸಿ ಆರುವವರೆಗೂ ಕೂತೇ ಇದ್ದರು. ಫೋನ್ ಬಂದರೂ ಎತ್ತಲಿಲ್ಲ. ಆಮೇಲೆ ಒಳಗೆ ಹೋಗಿ ಮುಟ್ಟಿದರು. ತೊಡೆ ತಣ್ಣಗಿತ್ತು, ಜ್ವರವೂ ಇರಲಿಲ್ಲ. ಆವತ್ತು ತಾವೇ ಕೇಳಿ ಕಾಫಿ ಕುಡಿದರು.

ಸ್ಕೂಟರಿನ ತನಕ ಹೋಗಿ ಕೇಳಿದೆ. "ಸಾರ್, ಬಿಳಿಗೆರೆಯೋರಿಗೆ ಮೊದಲ ದಿನಾನೇ ಕ್ಯಾಪ್ಸೂಲ್ ಕೊಟ್ಟಿದ್ರೆ ಉಳೀತಿದ್ರಾ?"

"ಗೊತ್ತಿಲ್ಲ ಕಣವ್ವ. ಕ್ಯಾಪ್ಸೂಲ್ ತಗೊಂಡ ಅವನೇ ಇನ್ನೊಬ್ಬ ಇಲ್ವಲ್ಲ, ಪಕ್ಕದಲ್ಲಿಟ್ಟು ನೋಡೋಕೆ."

ಅಪ್ಪ ಕ್ಯಾಪ್ಸೂಲಿಲ್ಲದೆ ಎದ್ದು ನಡೆದ. ನೋಡಿ, ನೀವು ಹೇಳಿದ್ದೇ ಸರಿ ಎಂದು ಅಮ್ಮ ಕೈಮುಗಿದರೆ, "ಇವನೊಬ್ಬ ಎದ್ದಿದ್ರಿಂದ ಅದೂ ಗೊತ್ತಾಗಲ್ಲ ಬುಡಮ್ಮ" ಎಂದುಬಿಟ್ಟರು.

ಈಗ ಅದೇ ಕ್ರಾಸಿನಲ್ಲಿ ನನ್ನ ಮೆಡಿಕಲ್ ಸ್ಟೋರ್ ಇದೆ. ಸೊಂಟ ಹಿಡಿದುಕೊಂಡು ಬಂದು "ಆ ಕ್ಯಾಪ್ಸೂಲ್ ಕೊಡವ್ವ" ಎಂದು ಗದರುವವರಿಗೆ ಇಲ್ಲ ಎನ್ನುತ್ತೇನೆ. ಬೇರೆ ಅಂಗಡಿಗೆ ಹೋಗುವವರು ಹೋಗುತ್ತಾರೆ. ಉಳಿದವರ ನಂಬರು ತೆಗೆದುಕೊಂಡು ಮಾರನೇ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ: ಜ್ವರ ಬಂತಾ? ಎರಡೂ ಕಡೆ ಮುಟ್ಟಿ ನೋಡಿದ್ರಾ? ಬಿಸಿ ಎಂದರೆ ಆಸ್ಪತ್ರೆಗೆ ಹೊರಡಿಸುವವರೆಗೆ ಬಿಡುವುದಿಲ್ಲ. ಯಾರಾದರೂ ಫೋನ್ ಎತ್ತದಿದ್ದರೆ, ನಾನು ಮುಖವನ್ನೂ ನೋಡಿರದ ಆ ಬಿಳಿಗೆರೆಯವನು ಅಂಗಡಿಯ ಮುಂದೆ ಬಂದು ನಿಂತ ಹಾಗಾಗುತ್ತದೆ.

ಹೋದ ವರ್ಷ ಡಾಕ್ಟ್ರು ತೀರಿಕೊಂಡರು. ಕ್ಲಿನಿಕ್ಕಿನ ಮುಂದೆಯೇ ಮಲಗಿಸಿದ್ದರು. ಅಪ್ಪ ಕುಂಟದೆ ನಡೆದು ಬಂದ. ಬಿಳಿಗೆರೆಯವನ ಹೆಂಡತಿಯೂ ಬಂದಿದ್ದಳು. ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಳು, ದಾಟಲಿಲ್ಲ.

ನಾನು ಬಗ್ಗಿ ಪಾದ ಮುಟ್ಟಿದೆ. ಕೈ ತಾನಾಗಿ ತಿರುಗಿಕೊಂಡು ಬೆರಳುಗಳ ಹಿಂಬದಿ ತಾಗಿತ್ತು. ಮೊದಲು ಬಲಪಾದ, ಆಮೇಲೆ ಎಡ. ಎರಡೂ ಒಂದೇ ಸಮ ತಣ್ಣಗಿದ್ದವು.